ಎರಡು ಬೆರಳು ಕಡಿಮೆ

ಒಳಕೋಣೆಯಲ್ಲಿ ಬೀರುವಿನ ಬಾಗಿಲು ಏಳನೆಯ ಸಲ ಕಿರುಗುಟ್ಟಿತು. ಅವನೇನೂ ಎಣಿಸುತ್ತ ಕೂತಿರಲಿಲ್ಲ. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿದವನ ತಲೆಯಲ್ಲಿ ಎಣಿಕೆ ಅದರ ಪಾಡಿಗೆ ಅದು ನಡೆಯುತ್ತಿರುತ್ತದೆ. ಬಚ್ಚಲಮನೆಯ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತ ನಿಂತಿದ್ದ. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ತನ್ನ ಮುಖವಲ್ಲ, ಬನಿಯನ್ನಿನ ತೋಳು: ಎಡಗಡೆಯದು ಬಲಗಡೆಯದಕ್ಕಿಂತ ಅರ್ಧ ಬೆರಳು ಇಳಿದಿತ್ತು. ಯಾವ ಮಹಾನುಭಾವ ಹೊಲಿದನೋ ಎಂದು ಬೈದುಕೊಳ್ಳುವಷ್ಟರಲ್ಲಿ ಬ್ಲೇಡು ಗಲ್ಲಕ್ಕೆ ತಾಗಿ ಚುರ್ರೆಂದಿತು. “ರೀ, ಇವತ್ತು ಏನು ಹಾಕ್ಕೊಳ್ಲಿ?” ಎಂದು ಹೆಂಡತಿ ಒಳಗಿಂದ ಕೂಗಿದಳು. ಇವತ್ತಿನ ವಿಹಾರಕ್ಕೆ ಏನು ಹಾಕಿಕೊಳ್ಳಲಿ ಎಂದು ಒಂದು ತಿಂಗಳಿಂದ ಕೇಳುತ್ತಿದ್ದಾಳೆ. ಊಟಕ್ಕೆ ಬಡಿಸುವಾಗ ಕೇಳಿದ್ದಾಳೆ, ಮಿಷನ್ನಿಗೆ ಎಣ್ಣೆ ಬಿಡುವಾಗ ಕೇಳಿದ್ದಾಳೆ. ಅವನೂ ಒಂದು ತಿಂಗಳಿಂದ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ. “ಯಾವುದಾದ್ರೂ ಹಾಕ್ಕೊಳ್ಳೇ, ನಿಂಗೆ ಎಲ್ಲಾ ಚೆನ್ನಾಗೇ ಕಾಣತ್ತೆ.” ಬೀರುವಿನ ಬಾಗಿಲು ಎಂಟನೆಯ ಸಲ ಸದ್ದು ಮಾಡಿತು, ಈ ಸಲ ಸ್ವಲ್ಪ ಜೋರಾಗಿ. ಅವನು ಗಲ್ಲಕ್ಕೆ ಪೇಪರಿನ ಚೂರು ಅಂಟಿಸಿಕೊಂಡ.

ಆಡಿದ ಮಾತು ಸುಳ್ಳೇನಲ್ಲ, ಹಾಗಂತ ನಿಜ ಎನ್ನುವುದಕ್ಕೂ ಧೈರ್ಯ ಸಾಲದು. ಅವನು ನೋಡಿದ್ದರೆ ತಾನೆ. ಇಡೀ ದಿನ ನೋಡುವುದೇ ಕೆಲಸವಾದವನು ಮನೆಗೆ ಬಂದ ಮೇಲಾದರೂ ಕಣ್ಣಿಗೆ ರಜೆ ಕೊಡಬೇಡವೇ? ಹೀಗೊಂದು ಸಿದ್ಧಾಂತವನ್ನು ಅವನು ಬಹಳ ವರ್ಷಗಳ ಹಿಂದೆಯೇ ಮಾಡಿಕೊಂಡಿದ್ದ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಬೇರೆ ಗಂಡಸರು ಹೆಂಡತಿ ಏನು ಉಟ್ಟಳು ಏನು ತೊಟ್ಟಳು ಎಂದು ತಗಾದೆ ತೆಗೆಯುತ್ತಾರೆ, ತಾನು ತುಟಿಪಿಟಕ್ಕೆನ್ನುವುದಿಲ್ಲ. ಅದೊಂದು ದೊಡ್ಡತನ ಎಂದು ಅವನೇ ತನಗೆ ಸರ್ಟಿಫಿಕೇಟು ಕೊಟ್ಟುಕೊಂಡಿದ್ದ. ಅವನ ಕೆಲಸವಾದರೂ ಎಂಥದ್ದು: ನದಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಬೆಳಗಿಂದ ಸಂಜೆವರೆಗೆ ತೇಲುವ ಎರಡಂತಸ್ತಿನ ಲಾಂಚಿನಲ್ಲಿ ಉಡುಪು ಗುಮಾಸ್ತ. ಸಂಪ್ರದಾಯದ ದೇಶ, ಉಡುಪಿನ ವಿಷಯದಲ್ಲಿ ಎಚ್ಚರವಿರಲಿ ಎಂದು ಪ್ರವಾಸದ ಪುಸ್ತಕಗಳು ದಪ್ಪ ಅಕ್ಷರದಲ್ಲಿ ಅಚ್ಚುಹಾಕುವಂಥ ದೇಶ ಅದು. ಕತ್ತಿನಿಂದ ಮೊಣಕೈವರೆಗೆ ಮುಚ್ಚಿರಬೇಕು, ಹೆಂಗಸರಿಗೆ ಪಾದದ ಗಂಟಿನವರೆಗೆ, ಗಂಡಸರಿಗೆ ಮೊಣಕಾಲು ದಾಟಬೇಕು. ಮುಚ್ಚದೆ ಬಂದವರಿಗೆ ಲಾಂಚಿನ ವತಿಯಿಂದ ಒಂದು ಬೂದಿಬಣ್ಣದ ನಿಲುವಂಗಿ. ಸಣ್ಣ, ನಡು, ದೊಡ್ಡ ಎಂದು ಮೂರು ಅಳತೆ. ಹತ್ತುವ ಹಲಗೆಯ ತುದಿಯಲ್ಲಿ ಒಂದು ಮೇಜು, ಒಂದು ಪೆಟ್ಟಿಗೆ, ಇವನು. ಹಿಂದೆ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಟೇಪು ಮುಟ್ಟದೆ, ಮನುಷ್ಯರ ಮೈ ಮುಟ್ಟದೆ, ಒಂದು ನೋಟಕ್ಕೆ “ಮೂರು ಬೆರಳು ಕಡಿಮೆ, ನಡು ಅಳತೆ” ಎಂದು ಹೇಳಬಲ್ಲ. ಅದಕ್ಕೇ ಎಲ್ಲರೂ ಅವನನ್ನು ಬೆರಳು ಮಾಸ್ಟ್ರು ಎಂದು ಕರೆಯುತ್ತಿದ್ದರು. ನಿಲುವಂಗಿಗಳನ್ನು ಮನೆಯಲ್ಲಿ ಅವನೇ ಕತ್ತರಿಸುತ್ತಿದ್ದ, ಹೆಂಡತಿ ಹೊಲಿಯುತ್ತಿದ್ದಳು. ಮೇಜಿನ ಪಕ್ಕ ಒಂದು ಸೂಚನಾ ಫಲಕವೂ ಇತ್ತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಚಿತ್ರ ಬರೆಸಿ, ಮುಚ್ಚಬೇಕಾದ ಭಾಗಗಳನ್ನು ಕೆಂಪು ಬಣ್ಣದಲ್ಲಿ ತೋರಿಸಿದ್ದರು. ಸರ್ಕಾರದ ಮರ್ಯಾದೆ ಇಲಾಖೆಯವರು ಬಂದು ನೋಡಿ, ಚಿತ್ರವೇ ಮರ್ಯಾದೆಯಾಗಿಲ್ಲ, ಆ ಭಾಗಗಳನ್ನು ಮುಚ್ಚಿ ಎಂದರು. ಪೇಂಟರು ಬಿಳಿ ಬಣ್ಣ ಬಳಿದ. ಈಗ ಫಲಕದ ಮೇಲೆ ಎರಡು ತಲೆ, ನಾಲ್ಕು ಪಾದ, ನಡುವೆ ಬರೀ ಸುಣ್ಣ. ಪ್ರವಾಸಿಗರು ಅದನ್ನು ನೋಡಿ ಶೌಚಾಲಯ ಎಲ್ಲಿ ಎಂದು ಅವನನ್ನು ಕೇಳುತ್ತಿದ್ದರು.

ಲಾಂಚಿನವರು ವರ್ಷಕ್ಕೊಮ್ಮೆ ನೌಕರರ ಮನೆಯವರಿಬ್ಬರಿಗೆ ಪುಕ್ಕಟೆ ವಿಹಾರ ಮಾಡಿಸುತ್ತಾರೆ. ಹನ್ನೊಂದು ವರ್ಷ ಏನಾದರೊಂದು ನೆವ ಹೇಳಿ ತಪ್ಪಿಸಿದ್ದ: ನೀರು ಕಡಿಮೆ, ನೀರು ಜಾಸ್ತಿ, ಎಂಜಿನ್ನು ರಿಪೇರಿ. ಈ ವರ್ಷ ಅತ್ತಿಗೆ, ಹೆಂಡತಿಯ ಅಕ್ಕ, ಊರಿಂದ ಬಂದು ಕೂತಳು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದ ಆಕೆಯ ಮುಂದೆ ನೆವ ಹೇಳುವವನು ಹುಟ್ಟಿ ಬರಬೇಕು. “ಏನ್ರಪ್ಪಾ, ನದಿ ಇನ್ನೂ ಅಲ್ಲೇ ಇದೆ ತಾನೆ?” ಎಂದು ಕೇಳಿ ಟಿಕೆಟು ಗಿಟ್ಟಿಸಿಕೊಂಡಿದ್ದಳು. ತಪ್ಪಿಸುತ್ತಿದ್ದದ್ದಕ್ಕೆ ಕಾರಣ ಒಂದೇ. ಯಾವತ್ತಾದರೂ ಹೆಂಡತಿ ಒಂದಿಷ್ಟು ಹೆಚ್ಚುಕಡಿಮೆಯ ಬಟ್ಟೆ ಹಾಕಿಕೊಂಡು ಆ ಹಲಗೆ ಹತ್ತಿಬಿಟ್ಟರೆ? ನಿಲ್ಲಿಸಿದರೆ ನಾಲ್ಕು ಜನರೆದುರು ಕಟ್ಟಿಕೊಂಡವಳ ಮಾನ ಕಳೆದಂತೆ, ನಿಲ್ಲಿಸದಿದ್ದರೆ ಕೆಲಸಕ್ಕೆ ಸಂಚಕಾರ. ಅವಳನ್ನು ಅಲ್ಲಿ ತಡೆದು ನಿಲ್ಲಿಸುವುದನ್ನು ಅವನು ಕನಸಿನಲ್ಲೂ ಒಂದೆರಡು ಸಲ ಕಂಡು ಬೆವತಿದ್ದ. ಹಾಗಾದರೆ ಇಂಥದ್ದು ಹಾಕಿಕೊಂಡು ಬಾ ಎಂದು ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಕೇಳುವುದು ನ್ಯಾಯವೇ. ಆದರೆ ಅದಕ್ಕೆ ನೋಡಬೇಕಿತ್ತು. ಇಷ್ಟಕ್ಕೂ ಅವಳದ್ದೊಂದು ಕಂದು ಬಣ್ಣದ ಉದ್ದ ತೋಳಿನ ಗೌನು ಇದೆ, ಹೊರಗೆ ಹೊರಟಾಗಲೆಲ್ಲ ಅದನ್ನೇ ಹಾಕುತ್ತಾಳೆ, ಇವತ್ತೂ ಅದನ್ನೇ ಹಾಕುತ್ತಾಳೆ. ಆ ಕಂದು ಗೌನಿನ ಮೇಲೆ ಭಾರ ಹಾಕಿ, ಅವನು ಬೇಗನೆ ಮನೆ ಬಿಟ್ಟ. ಬಾಗಿಲ ಹತ್ತಿರ ಅತ್ತಿಗೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವನ ಗಲ್ಲದ ಪೇಪರು ನೋಡಿ, “ಮೊದಲು ಮುಖ ನೋಡ್ಕೊಳ್ಳೋದು ಕಲೀರಿ” ಎಂದಳು.

ಮುಖ ಎಂದದ್ದೇ ಅವನಿಗೆ ಕಾಗದದ ಸಂಗತಿ ನೆನಪಾಯಿತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದೇ. ಹೋದ ತಿಂಗಳು ಒಂದೇ ದಿನ ಮ್ಯಾನೇಜರಿಗೆ ಎರಡು ಕಾಗದ ಬಂದಿದ್ದವು. ಒಂದು ಮರ್ಯಾದೆ ಇಲಾಖೆಯಿಂದ: ನಿಮ್ಮ ಉಡುಪು ಗುಮಾಸ್ತರು ಪ್ರಯಾಣಿಕರನ್ನು ಸರಿಯಾಗಿ ನೋಡುತ್ತಿಲ್ಲ. ಇನ್ನೊಂದು ಪ್ರಯಾಣಿಕರೊಬ್ಬರಿಂದ: ನಿಮ್ಮ ಉಡುಪು ಗುಮಾಸ್ತ ವಿಪರೀತ ನೋಡುತ್ತಾನೆ, ಅವನ ಕಣ್ಣು ಸರಿಯಿಲ್ಲ. ಎರಡನೆಯದನ್ನು ಬರೆದಾಕೆ ಒಬ್ಬ ಸಂಗೀತದ ಟೀಚರು. ಅವಳ ಮುಖವಲ್ಲ, ಅವಳ ಕುಪ್ಪಸ ಅವನಿಗೆ ಚೆನ್ನಾಗಿ ನೆನಪಿತ್ತು. ಕುಪ್ಪಸದ ಭುಜದ ಹೊಲಿಗೆಯಲ್ಲಿ ಏನೋ ಒಂದು ಸೊಗಸಾದ ಮಡಿಕೆ, ಅಂಥದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. ಅದು ಹೇಗೆ ಕತ್ತರಿಸಿದರು ಎಂದು ತಲೆ ಓರೆ ಮಾಡಿ ನೋಡಿದ್ದ. ಆಕೆ ಎರಡೂ ಕೈಯಲ್ಲಿ ಭುಜ ಮುಚ್ಚಿಕೊಂಡಳು. ಆ ಎರಡು ಕೈಗಳು ಅಡ್ಡ ಬಂದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ನಿಮ್ಮನ್ನು ನೋಡಲಿಲ್ಲ ತಾಯೀ, ಹೊಲಿಗೆ ನೋಡಿದೆ ಎಂದು ಹೇಳಬೇಕೆಂದು ಎಷ್ಟು ಸಲ ಬಾಯಿಯೊಳಗೇ ಹೇಳಿಕೊಂಡಿದ್ದಾನೋ. ಹೇಳಿದ್ದರೂ ಯಾರು ನಂಬುತ್ತಿದ್ದರು, ಎಲ್ಲ ಕಚ್ಚೆಹರುಕರೂ ಅದನ್ನೇ ಹೇಳುತ್ತಾರೆ. ಮ್ಯಾನೇಜರು ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು, ಒಂದನ್ನು ಓದಿ, ಇನ್ನೊಂದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು ತೀರ್ಪು ಕೊಟ್ಟಿದ್ದರು. “ನೋಡಿ ಮಾಸ್ಟ್ರೇ. ನೋಡ್ಬೇಕು, ಆದ್ರೆ ನೋಡಿದ ಹಾಗೆ ಕಾಣಬಾರದು. ಮೂರು ಎಣಿಸೋವರೆಗೆ ನೋಡಿ, ಆಮೇಲೆ ನದಿ ಕಡೆ ತಿರುಗಿ. ಇನ್ನೊಂದು ಕಾಗದ ಬಂತೋ, ನಿಮಗೂ ನಮಗೂ ಋಣ ತೀರಿತು.” ಅವತ್ತಿನಿಂದ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾರ ಮುಖವನ್ನೂ ನೋಡುವುದನ್ನೇ ಬಿಟ್ಟ. ಮುಖಕ್ಕೆ ನಿಯಮ ಇಲ್ಲವಲ್ಲ. ಕತ್ತಿನಿಂದ ಶುರು, ಪಾದದ ಗಂಟಿಗೆ ಮುಗಿಯಿತು. ಕಣ್ಣು ಮೇಲೆ ಹೋದರೆ ತಾನೆ ಕಣ್ಣು ಸರಿಯಿಲ್ಲ ಎನ್ನುವುದು. ಈ ಕಾಗದದ ಸಂಗತಿ ಹೆಂಡತಿಗೆ ಹೇಳಿರಲಿಲ್ಲ. ಕಣ್ಣು ಸರಿಯಿಲ್ಲ ಎಂಬ ಮಾತನ್ನು ಯಾವ ಬಾಯಲ್ಲಿ ಹೇಳುವುದು?

ಲಾಂಚಿನ ಹಲಗೆಯ ಮೇಲೆ ಒಂಬತ್ತಕ್ಕೆಲ್ಲ ಸಾಲು ಶುರುವಾಯಿತು. ಮೇಜಿನ ಹಿಂದೆ ಮ್ಯಾನೇಜರು ಬಂದು ನಿಂತಿದ್ದರು. ಅವರು ಬಾಯಿ ಬಿಡದೆ ಮೂರು ಎಣಿಸುತ್ತಿರುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಮೊದಲು ಒಂದು ನೀಲಿ ಷರ್ಟು, ಸರಿ. ಹೂವಿನ ಲಂಗ, ಪಾದದ ಗಂಟಿಗಿಂತ ಒಂದು ಬೆರಳು ಕೆಳಗೇ ಇದೆ, ಸರಿ. ನದಿ ಕಡೆ ತಿರುಗಿದ. ಆಮೇಲೆ ಮೊಣಕಾಲು ಬಂತು. ದಪ್ಪನೆಯ, ಬಿಳಿಯ, ಯಾವ ಸಂಕೋಚವೂ ಇಲ್ಲದ ಎರಡು ಮೊಣಕಾಲು, ಮೇಲೆ ಖಾಕಿ ಚಡ್ಡಿ. “ಸಾರ್, ಆರು ಬೆರಳು ಕಡಿಮೆ. ನಿಲುವಂಗಿ ಹಾಕ್ಕೋಬೇಕು. ದೊಡ್ಡ ಅಳತೆ.” ಮೊಣಕಾಲುಗಳ ಯಜಮಾನ ತಾನು ಹಲ್ಲಿನ ಡಾಕ್ಟರೆಂದು ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿಕೊಂಡ. “ಅಲ್ಲಾ ಸ್ವಾಮೀ, ಅರವತ್ತೆರಡು ವರ್ಷದಿಂದ ಈ ಮೊಣಕಾಲು ಜೊತೆಗಿದೆ. ನನ್ನ ಹೆಂಡತಿ ಒಂದು ದಿನಾನೂ ಇದನ್ನ ನೋಡಿ ಕೆಟ್ಟುಹೋಗಲಿಲ್ಲ. ಈ ದೇಶದೋರು ಕೆಟ್ಟುಹೋಗ್ತಾರಾ?” ಸಾಲು ಗೊಳ್ಳೆಂದಿತು. “ಹಾಗಂತ ಅಲ್ಲ ಸಾರ್, ನಿಯಮ.” “ಇದನ್ನ ಹಾಕ್ಕೊಂಡ್ರೆ ಸೆಕೆಗೆ ಬೆಂದುಹೋಗ್ತೀನಲ್ರೀ.” “ಒಳಗಡೆ ಗಾಳಿ ಆಡತ್ತೆ ಸಾರ್, ಹಾಗೇ ಕತ್ತರಿಸಿದೀನಿ.” ಇದನ್ನು ಹೇಳುವಾಗ ಅವನ ದನಿಯಲ್ಲಿ ಕಸುಬಿನ ಅಭಿಮಾನ ಇಣುಕಿತು. ಡಾಕ್ಟರು ನಿಲುವಂಗಿಯೊಳಗೆ ತಲೆ ತೂರಿಸಿದರು, ಎಲ್ಲೋ ಸಿಕ್ಕಿಕೊಂಡರು, ತೋಳಿನಿಂದ ತಲೆ ಹೊರಹಾಕಲು ನೋಡಿ ಸೋತರು, ಕೊನೆಗೆ ಸರಿಯಾದ ದಾರಿ ಕಂಡುಕೊಂಡು ಹೊರಬಂದರು. ಜನ ನಕ್ಕದ್ದೇ ನಕ್ಕದ್ದು. ಹಲಗೆ ಅಲುಗಾಡಿತು. ಅವನು ಮಾತ್ರ ನಗಲಿಲ್ಲ. ನಕ್ಕರೆ ಕಾಗದ ಬರುತ್ತದೆ. ಮನಸ್ಸಿನ ಒಂದು ಮೂಲೆ ಕಂದು ಗೌನಿಗಾಗಿ ಕಾಯುತ್ತಿತ್ತು. ಅತ್ತಿಗೆಯ ದೊಡ್ಡ ಗಂಟಲು ಇನ್ನೂ ಕೇಳಿಸಲಿಲ್ಲ. ಅವರು ಬಂದಿಲ್ಲ ಎಂದಾಯಿತು.

ಬಂದಿದ್ದರು. ಅತ್ತಿಗೆ ದಡದ ಮೇಲೆ ಟಿಕೆಟ್ಟಿನವನ ಹತ್ತಿರ ಕೊಡೆ ಒಳಗೆ ಯಾಕೆ ಬಿಡುವುದಿಲ್ಲ ಎಂದು ಜಗಳಕ್ಕೆ ನಿಂತಿದ್ದಳು, ಹೆಂಡತಿಯೊಬ್ಬಳೇ ಸಾಲಿನಲ್ಲಿ ಮುಂದೆ ಬಂದಿದ್ದಳು. ಇದು ಅವನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಕಂಡದ್ದು ಒಂದು ಹಸಿರು ಗೌನು. ಬಾಳೆಲೆಯ ಹಸಿರಲ್ಲ, ಸ್ವಲ್ಪ ಗಾಢ. ಕತ್ತಿನ ಪಟ್ಟಿ ಎಷ್ಟು ನೇರವಾಗಿ ಕೂತಿದೆ ಎಂದರೆ ಯಾರೋ ಪಳಗಿದ ಕೈ. ಸೊಂಟದ ಹತ್ತಿರ ಚೂರೂ ಸುಕ್ಕಿಲ್ಲ. ಒಂದು. ಕೆಳ ಅಂಚು ಪಾದದ ಗಂಟಿಗೆ ಸರಿಯಾಗಿ ಮುಟ್ಟಿದೆ. ಎರಡು. ತೋಳು, ಅಯ್ಯೋ, ತೋಳು ಮೊಣಕೈಗೆ ಮುಟ್ಟಿಲ್ಲವಲ್ಲ, ಇಷ್ಟು ಚೆನ್ನಾಗಿ ಹೊಲಿದು ಇಲ್ಲಿ ಯಾಕೆ ಹೀಗೆ ಮಾಡಿದರು? ಮೂರು. “ಮೇಡಂ, ತಾವು ದಯವಿಟ್ಟು ಬೇಜಾರು ಮಾಡ್ಕೋಬಾರದು. ತೋಳು ಎರಡು ಬೆರಳು ಕಡಿಮೆ. ನಡು ಅಳತೆ ನಿಲುವಂಗಿ ಕೊಡ್ತೀನಿ, ಹಾಕ್ಕೊಂಡುಬಿಡಿ” ಎಂದು ಹೇಳಿ, ಪೆಟ್ಟಿಗೆಯಿಂದ ಒಂದನ್ನು ಎಳೆದು, ನದಿಯ ಕಡೆ ಮುಖ ಮಾಡಿ, ಕೈ ಚಾಚಿದ. ಎದುರಿಗಿದ್ದ ಕೈ ಅದನ್ನು ತೆಗೆದುಕೊಳ್ಳಲಿಲ್ಲ. ಎಷ್ಟೋ ಜನ ಹೀಗೇ ಮಾಡುತ್ತಾರೆ, ಸಿಟ್ಟಿಗೆ. “ಎಲ್ಲರಿಗೂ ಇದೇ ನಿಯಮ ಮೇಡಂ. ನಮ್ಮ ಮನೆಯವರೇ ಬಂದ್ರೂ ನಾನು ಬಿಡಲ್ಲ” ಎಂದ. ಅದು ಅವನು ದಿನಾ ಹೇಳುವ ಮಾತು, ಆಡಿ ಆಡಿ ನುಣುಪಾಗಿತ್ತು. ಈಗ ಆ ಕೈ ಮೆಲ್ಲಗೆ ಬಂದು ನಿಲುವಂಗಿಯನ್ನು ತೆಗೆದುಕೊಂಡಿತು. “ಆಗಲಿ ಸಾರ್. ಹಾಕ್ಕೊಳ್ತೀನಿ.”

ಸ್ವರ. ದಿನಾ ಮನೆಯಲ್ಲಿ ಕೇಳುವ ಸ್ವರ. ನದಿಯ ಕಡೆಯಿಂದ ಕತ್ತು ತಿರುಗಿಸುವುದಕ್ಕೆ ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ತಿರುಗಿದಾಗ ಕಂಡದ್ದು ನಡು ಅಳತೆಯ ಬೂದಿ ನಿಲುವಂಗಿಯ ಬೆನ್ನು. ಅವಳು ಆಗಲೇ ಡೆಕ್ ಕಡೆಗೆ ನಡೆದಿದ್ದಳು, ನೆಟ್ಟಗೆ, ಬೆನ್ನು ಒಂದಿಷ್ಟೂ ಬಗ್ಗಿಸದೆ. ಬಾಯಿ ತೆರೆದ. ಏನೆಂದು ಕರೆಯುವುದು? ಮೇಡಂ ಎಂದೇ? ಏನೇ ಎಂದೇ? ಹಿಂದೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, “ಮಾಸ್ಟ್ರೇ, ಮೂರು ಆಯ್ತು” ಎಂದು ಹೇಳಿ ಎಂಜಿನ್ನಿನ ಕೋಣೆಯ ಕಡೆ ಹೋದರು. ಅಷ್ಟರಲ್ಲಿ ಕೊಡೆಯ ಜಗಳ ಗೆದ್ದು ಕೊಡೆಸಮೇತ ಬಂದ ಅತ್ತಿಗೆ ಅವನ ಮುಂದೆ ನಿಂತಿದ್ದಳು. ಕೊನೆಯ ಎರಡು ಮಾತು ಆಕೆಯ ಕಿವಿಗೆ ಬಿದ್ದಿತ್ತು. ಒಂದು ಗಳಿಗೆ ಅವನನ್ನೂ ಆ ಬೆನ್ನನ್ನೂ ನೋಡಿದಳು. ಆಮೇಲೆ ಕೊಡೆಗೆ ಭಾರ ಕೊಟ್ಟು ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಏನ್ರಪ್ಪಾ! ನಮ್ಮ ಮನೆಯವರೇ ಬಂದ್ರೂ ಬಿಡಲ್ಲ ಅಂದ್ರಲ್ಲ, ಬಿಡಲೇ ಇಲ್ವಲ್ಲ!” ಅವನ ಮುಖ ಇಷ್ಟೇ ಇಷ್ಟಾಯಿತು. ಮುಂದಿನ ಮೂವತ್ತು ಜನರ ಬಟ್ಟೆಯಲ್ಲಿ ಅವನಿಗೆ ಏನು ಕಂಡಿತೋ ದೇವರಿಗೇ ಗೊತ್ತು. ಎಲ್ಲರನ್ನೂ ಸರಿ ಸರಿ ಎಂದು ಒಳಗೆ ಬಿಟ್ಟ.

ಲಾಂಚು ದಡ ಬಿಟ್ಟಿತು. ಎಂಜಿನ್ನಿನ ಗುಡುಗುಡು ಕಾಲಿನಿಂದ ಹತ್ತಿ ಹಲ್ಲಿಗೆ ಬರುತ್ತಿತ್ತು. ಮೇಜಿನ ಹಿಂದೆ ಕೂತು ಅವನು ನಿಲುವಂಗಿಯ ಪೆಟ್ಟಿಗೆಯನ್ನು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಆ ಹಸಿರು ಗೌನು ಎಲ್ಲಿಂದ ಬಂತು? ಅಂಗಡಿಯದಲ್ಲ, ಅಂಗಡಿಯ ಕತ್ತಿನ ಪಟ್ಟಿ ಹಾಗೆ ಕೂರುವುದಿಲ್ಲ. ಆಗ ಒಂದೊಂದೇ ನೆನಪಾಗತೊಡಗಿತು. ನಡುಮನೆಯಲ್ಲಿ ಮಿಷನ್ನು, ಎರಡು ಮಾರು ದೂರದಲ್ಲಿ ತಾನು ನೆಲದ ಮೇಲೆ ಬೂದಿ ಬಟ್ಟೆ ಹಾಸಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೇನೆ. ಮಿಷನ್ನು ಓಡುತ್ತಿದೆ. ಅದರ ಕೆಳಗೆ ಬೂದಿ ಇದೆ. ಒಂದು ದಿನ ಹಸಿರು ಇತ್ತೇ? ಇತ್ತು. ನೆಲದ ಮೇಲೆ ಹಸಿರು ದಾರದ ತುಂಡುಗಳಿದ್ದವು, ಅವನು ಪೊರಕೆಯಿಂದ ಗುಡಿಸಿದ್ದ ಕೂಡ. ಒಂದು ಸಂಜೆ ಅವಳು ಮೊಣಕಾಲ ಮೇಲೆ ಅದನ್ನು ಹರವಿಕೊಂಡು ಕೈಹೊಲಿಗೆ ಹಾಕುತ್ತ, “ಈ ಬಣ್ಣ ಹೇಗಿದೆ?” ಎಂದು ಕೇಳಿದ್ದಳು. ಅವನು ಗೆರೆಯಿಂದ ಕಣ್ಣೆತ್ತದೆ ಚೆನ್ನಾಗಿದೆ ಎಂದಿದ್ದ. ಯಾವ ಬಣ್ಣ ಎಂದೂ ಕೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳ ಅಳತೆ ತೆಗೆಯಲು ಹೋಗಿದ್ದ. ಟೇಪು ಮೈಗೆ ತಾಗಿ, ಅವಳು ಕಚಗುಳಿಯಾಗಿ ನಕ್ಕು, ಅಳತೆ ಹಾಗೇ ಅರ್ಧಕ್ಕೆ ನಿಂತಿತ್ತು. ಆಮೇಲೆ ಊರಿನ ಶಾಲೆಗಳ ಯೂನಿಫಾರಂ, ಆಮೇಲೆ ಲಾಂಚು. ಸಾವಿರಾರು ಜನರ ಮೈ ಅಳೆದವನಿಗೆ ಆ ಅರ್ಧ ಅಳತೆ ಪೂರ್ತಿ ಮಾಡಲು ಪುರುಸೊತ್ತು ಸಿಗಲಿಲ್ಲ. ಇವತ್ತು ನಡು ಅಳತೆ ಎಂದು ಹೇಳಿದ್ದೂ ಯಾರೋ ಪರಕೀಯಳ ಅಳತೆಯನ್ನು. “ಥೂ ನನ್ನ!” ಎಂದು ಅವನು ಜೋರಾಗಿಯೇ ಅಂದುಬಿಟ್ಟ. ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಹಲ್ಲಿನ ಡಾಕ್ಟರು ನಿಲುವಂಗಿ ಎತ್ತಿಕೊಂಡು ದೂರ ಸರಿದರು.

ಎರಡು ಸಲ ಮೇಲಿನ ಡೆಕ್ಕಿಗೆ ಹೋದ. ಮೊದಲ ಸಲ ಅವಳು ಕಂಬಿ ಹಿಡಿದು ನೀರು ನೋಡುತ್ತಿದ್ದಳು. ಹತ್ತಿರ ಹೋಗಿ ಮೆಲ್ಲಗೆ, “ಏನೇ, ಗೊತ್ತಾಗಲಿಲ್ಲ ಕಣೇ...” ಎಂದು ಶುರುಮಾಡಿದ. ಅವಳು ಅವನನ್ನು ಆಫೀಸಿನ ಗುಮಾಸ್ತನನ್ನು ನೋಡುವ ಹಾಗೆ ನೋಡಿ, “ಏನಾದ್ರೂ ಬೇಕಿತ್ತಾ ಸಾರ್?” ಎಂದಳು. ಪಕ್ಕದಲ್ಲಿ ಜನ ಇದ್ದರು. ಅವನು ಏನೂ ಇಲ್ಲ ಎಂದು ತಲೆಯಾಡಿಸಿ ಕೆಳಗಿಳಿದ. ಎರಡನೆಯ ಸಲ ಅತ್ತಿಗೆ ಅವನನ್ನು ಮೆಟ್ಟಿಲ ಹತ್ತಿರವೇ ತಡೆದಳು. “ಹೋಗ್ಬೇಡಿ. ಕಾದ ಕಬ್ಬಿಣದ ಹಾಗಿದಾಳೆ. ನಾನಂತೂ ಹೇಳಿದ್ದೆ, ಈ ಮನುಷ್ಯನ್ನ ನಂಬಿ ಬಟ್ಟೆ ಹೊಲೀಬೇಡ್ವೇ ಅಂತ.” “ನನ್ನ ನಂಬಿ ಅಂದ್ರೆ?” “ಅದನ್ನ ಅವಳನ್ನೇ ಕೇಳಿ. ಅಳತೆ ತೆಗೆದವಳು ಮಾತ್ರ ನಾನು, ದಾರ ಹಿಡಿದು. ಟೇಪು ನಿಮ್ಮ ಜೇಬಲ್ಲಿತ್ತಲ್ಲ.” ಅವನು ಜೇಬು ಮುಟ್ಟಿಕೊಂಡ. ಟೇಪು ಅಲ್ಲೇ ಇತ್ತು. ಸುತ್ತಿದ ಟೇಪನ್ನು ಅಂಗೈಯಲ್ಲಿ ಹಿಡಿದುಕೊಂಡು ಎಂಜಿನ್ನಿನ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಅವಳು ನಾಲ್ಕು ಬೈಗುಳ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಂಜೆ ದಡ ಮುಟ್ಟಿದ ಮೇಲೂ ಅವಳು ಸಾರ್ ಎಂದೇ ಕರೆದರೆ? ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರೆ? ಅಕ್ಕನ ಜೊತೆ ಅವರೂರಿಗೇ ಹೊರಟುಬಿಟ್ಟರೆ? ಮನೆಯೊಳಗೆ ಮಿಷನ್ನಿನ ಸದ್ದಿಲ್ಲದ ಒಂದು ಸಂಜೆಯನ್ನು ಕಲ್ಪಿಸಿಕೊಂಡ. ನೆಲದ ಮೇಲೆ ಬೂದಿ ಬಟ್ಟೆ ಹಾಸಿಕೊಂಡು ತಾನೊಬ್ಬನೇ ಕೂತಿದ್ದೇನೆ. ಅವನಿಗೆ ಭಯವಾಗಿತ್ತು, ಅಷ್ಟೇ ವಿಷಯ.

ಮಧ್ಯಾಹ್ನ ಬಿಸಿಲು ಏರಿತು. ಒಂದು ಗಂಟೆಗೆ ಲಾಂಚು ಒಂದು ಹಳ್ಳಿಯ ದಡಕ್ಕೆ ನಿಲ್ಲುವುದಿತ್ತು. ಅಲ್ಲಿ ಮರ್ಯಾದೆ ಇಲಾಖೆಯವನೊಬ್ಬ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಓಡಿಬಂದರು. “ಮಾಸ್ಟ್ರೇ, ಮೇಲುಗಡೆ ಆ ಹಸಿರು ಬಟ್ಟೆಯ ಹೆಂಗಸು ನಿಲುವಂಗಿ ತೆಗೆದುಬಿಟ್ಟಿದಾರೆ. ದಡ ಬಂತು. ಹೋಗಿ ಹೇಳಿ. ಮರ್ಯಾದೆಯಾಗಿ ಹೇಳಿ. ನಾನು ಹಿಂದೇನೇ ಬರ್ತೀನಿ.” “ಸಾರ್, ಅವರು ನನ್ನ...” ಎಂದು ಅವನು ತೊದಲಿದ. ಮ್ಯಾನೇಜರು ಕೇಳಿಸಿಕೊಳ್ಳದೆ ಬೆನ್ನಿಗೆ ಕೈ ಕೊಟ್ಟು ದೂಡಿದರು. ಅವನು ಮೆಟ್ಟಿಲು ಹತ್ತಿದ. ಅವಳು ನೆರಳಿನ ಕಡೆಯ ಬೆಂಚಿನ ಮೇಲೆ ಕೂತಿದ್ದಳು. ಬೂದಿ ನಿಲುವಂಗಿಯನ್ನು ನೀಟಾಗಿ ಮಡಿಸಿ ಪಕ್ಕದಲ್ಲಿಟ್ಟಿದ್ದಳು, ಹೊಲಿದವರು ಮಾತ್ರ ಮಡಿಸುವ ಹಾಗೆ, ತೋಳು ಒಳಗೆ ಮಾಡಿ. ಅವನು ಮುಂದೆ ನಿಂತ. ಅಭ್ಯಾಸಬಲದಿಂದ ಕಣ್ಣು ಕತ್ತಿನ ಪಟ್ಟಿಯ ಮೇಲೆ ನಿಂತಿತು.

“ನಿಲುವಂಗಿ ಹಾಕ್ಕೋಬೇಕಂತೆ” ಎಂದ. “ದಡ ಬಂತು.”

“ಯಾಕೆ ಸಾರ್?”

“ತೋಳು ಎರಡು ಬೆರಳು...” ದನಿ ತಗ್ಗಿಸಿದ. “ಏನೇ, ನಿಯಮ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟು ಒಳ್ಳೇ ಕೈ ನಿಂದು, ಎರಡು ಬೆರಳಿಗೆ ಯಾಕೆ ಬಟ್ಟೆ ಸಾಲಲಿಲ್ಲ?”

“ಸಾಲದೆ ಏನು. ಇನ್ನೂ ಅರ್ಧ ಗಜ ಮಿಕ್ಕಿದೆ. ಬೇಕೂಂತ್ಲೇ ಬಿಟ್ಟೆ.” ಅವಳು ಸಾರ್ ಎನ್ನುವುದನ್ನು ಬಿಟ್ಟಿದ್ದಳು, ಅದು ಅವಳಿಗೇ ತಿಳಿದಂತಿರಲಿಲ್ಲ. “ಸರಿಯಾಗಿದ್ದೋರನ್ನ ನೀವು ಕಣ್ಣೆತ್ತಿಯೂ ನೋಡಲ್ಲ. ನೀವೇ ಹೇಳ್ತಿದ್ರಲ್ಲ ಮನೇಲಿ, ಸರಿಯಾಗಿದ್ರೆ ನಂಗೆ ಕಾಣೋದೇ ಇಲ್ಲ, ಕಡಿಮೆಯಾದ್ರೆ ಮಾತ್ರ ಕಾಣತ್ತೆ ಅಂತ. ಇಪ್ಪತ್ತು ವರ್ಷ ಸರಿಯಾಗೇ ಇದ್ದೆ. ಒಂದು ದಿನ ಎರಡು ಬೆರಳು ಕಡಿಮೆ ಮಾಡ್ಕೊಂಡು ಬಂದ್ರೆ ನಿಲ್ಲಿಸಿ ನೋಡ್ತೀರಿ, ನಗ್ತೀರಿ, ಅರೇ ನೀನಾ ಅಂತೀರಿ ಅಂದ್ಕೊಂಡೆ.” ಕತ್ತಿನ ಪಟ್ಟಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. “ನಿಲ್ಲಿಸಿದ್ರಿ. ಎರಡು ಬೆರಳು ಅಂತ ಸರಿಯಾಗೇ ಹೇಳಿದ್ರಿ.”

ಅವನು ಕಣ್ಣೆತ್ತಿದ. ಪಟ್ಟಿ ದಾಟಿ, ಗದ್ದ ದಾಟಿ, ಮುಖಕ್ಕೆ ಬಂದ. ಕನ್ನಡಕ ಕೂತು ಕೂತು ಮೂಗಿನ ಎರಡೂ ಪಕ್ಕ ಸಣ್ಣ ಗುಳಿ ಬಿದ್ದಿತ್ತು. ಇವಳಿಗೆ ಕನ್ನಡಕ ಯಾವಾಗ ಬಂತು? ಕಿವಿಯ ಹಿಂದಿನ ಕೂದಲು ಬೆಳ್ಳಗಾಗಿತ್ತು, ಅಲ್ಲಷ್ಟೇ. ಮೇಲ್ತುಟಿಯ ಮೇಲೆ ಬೆವರಿನ ಸಾಲು. ಬೆಳಿಗ್ಗೆ ಯಾವಾಗಲೋ ಹಾಕಿಕೊಂಡ ಪೌಡರು ಒಂದು ಕಡೆ ಇಳಿದಿತ್ತು. ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಕಚ್ಚು. ಕಣ್ಣು ಕೆಂಪಾಗಿತ್ತು, ಅತ್ತಿದ್ದಾಳೆ, ತನ್ನ ಲಾಂಚಿನಲ್ಲೇ ಎಲ್ಲೋ ಮರೆಯಲ್ಲಿ ನಿಂತು ಅತ್ತಿದ್ದಾಳೆ. ಚೆನ್ನಾಗಿದ್ದಾಳೆ. ಹಸಿರು ಅವಳಿಗೆ ಒಪ್ಪುತ್ತದೆ. ಅವನು ನೋಡುತ್ತಲೇ ನಿಂತ. ಬೆಂಚಿನ ಮೇಲಿದ್ದವರು ತಿರುಗಿದರು. ಹಲ್ಲಿನ ಡಾಕ್ಟರು ಯಾರಿಗೋ, “ನೋಡಿ, ಆಗ ನನ್ನ ಮೊಣಕಾಲಿಗೆ ತಗಾದೆ ತೆಗೆದ ಮನುಷ್ಯ ಇವನೇ, ಈಗ ನೋಡಿ ಹೇಗೆ ನೋಡ್ತಾನೆ” ಎಂದರು. ಅದೂ ಕಿವಿಗೆ ಬಿತ್ತು, ಆದರೂ ಕಣ್ಣು ಕೀಳಲಾಗಲಿಲ್ಲ.

ಮ್ಯಾನೇಜರು ದಾಪುಗಾಲು ಹಾಕಿಕೊಂಡು ಬಂದು ಅವನ ತೋಳು ಹಿಡಿದೆಳೆದರು. “ಏನ್ರೀ ಇದು? ಮತ್ತದೇ ಚಾಳಿನಾ? ಇಷ್ಟು ಜನರೆದುರಿಗೆ?”

“ಸಾರ್, ಇವಳು ನನ್ನ ಹೆಂಡತಿ.”

“ಸುಳ್ಳಿಗೂ ಒಂದು ಮಿತಿ ಇರಬೇಕು ಮಾಸ್ಟ್ರೇ. ಬೆಳಿಗ್ಗೆ ನನ್ನ ಕಣ್ಣೆದುರಿಗೇ ಮೇಡಂ, ತಾವು ಅಂದ್ರಿ. ನಿಲುವಂಗಿ ಕೊಟ್ರಿ. ಈಗ ಸಿಕ್ಕಿಬಿದ್ದ ತಕ್ಷಣ ಹೆಂಡತಿಯಾದ್ರಾ?”

ಮ್ಯಾನೇಜರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮೂಲೆಯ ಬೆಂಚಿನಿಂದ ಅತ್ತಿಗೆ ಏಳಲು ಹೋದಳು. ಹೆಂಡತಿ ಬೇಡವೆಂದು ಕೈ ಮಾಡಿದಳು. ಮ್ಯಾನೇಜರು ಅವಳ ಕಡೆ ತಿರುಗಿ ಕೈ ಜೋಡಿಸಿದರು. “ಕ್ಷಮಿಸಬೇಕು ತಾಯಿ. ನೀವು ಒಂದು ಮಾತು ಹೇಳಿ ಸಾಕು, ಇವರನ್ನ ಇವತ್ತೇ, ಇದೇ ದಡದಲ್ಲೇ ಇಳಿಸಿಬಿಡ್ತೀನಿ. ನಿಮಗೆ ಇವರು ಯಾರು ಅಂತ ಗೊತ್ತಾ?”

ಅವಳು ಎದ್ದು ನಿಂತಳು. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಅವನನ್ನು ತಲೆಯಿಂದ ಕಾಲಿನವರೆಗೆ, ಒಂದಿಷ್ಟೂ ಅವಸರವಿಲ್ಲದೆ ನೋಡಿದಳು. ಗಲ್ಲದ ಗಾಯ ನೋಡಿದಳು. ಷರ್ಟಿನ ಮೇಲೆ ಅವಳ ದೃಷ್ಟಿ ಒಂದೊಂದೇ ಗುಂಡಿಯಾಗಿ ಇಳಿಯಿತು. ಅವನಿಗೆ ಎರಡೂ ಕೈಯಲ್ಲಿ ಎದೆ ಮುಚ್ಚಿಕೊಳ್ಳಬೇಕೆನ್ನಿಸಿತು. ಲಾಂಚು ದಡಕ್ಕೆ ಒರಸಿ ನಿಂತಿತು, ಎಲ್ಲರೂ ಒಂದು ಕಡೆಗೆ ವಾಲಿದರು, ಅವಳೊಬ್ಬಳು ಅಲುಗಲಿಲ್ಲ.

“ಷರ್ಟಿನ ಮೂರನೇ ಗುಂಡಿಗೆ ಕಪ್ಪು ದಾರ” ಎಂದಳು. “ಬಿಳಿ ದಾರ ಮುಗಿದುಹೋಗಿತ್ತು, ನಾನೇ ಹಾಕಿದ್ದು. ನಾಲ್ಕು ತಿಂಗಳಾಯ್ತು. ಹೌದು ಸಾರ್, ಇವರು ನಮ್ಮನೆಯವರೇ.”

ಅವನು ತಲೆ ಬಗ್ಗಿಸಿ ನೋಡಿಕೊಂಡ. ಕಪ್ಪು ದಾರವೇ.